ಮನೆ ಬದಲಾದರೆ ಮೈ ಒಪ್ಪುತ್ತದೆಯೇ?

ಊರಿನಿಂದ ಅಪ್ಪ ಅಮ್ಮ ಬಂದಾಗ ಬಾಸ್ಟನ್ ತೋರಿಸುವುದಕ್ಕೆ ನಮ್ಮೆಲ್ಲರ ಹತ್ತಿರವೂ ಒಂದು ಸಿದ್ಧವಾದ ಪಟ್ಟಿ ಇರುತ್ತದೆ. ಹಾರ್ವರ್ಡ್ ಯಾರ್ಡು, ಅಕ್ವೇರಿಯಂ, ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನ, ಆಮೇಲೆ ಚಾರ್ಲ್ಸ್ ನದಿಯ ಮೇಲಿನ ಸೈನ್ಸ್ ಮ್ಯೂಸಿಯಂ. ಮ್ಯೂಸಿಯಂಗೆ ಗ್ರೀನ್ ಲೈನಿನಲ್ಲಿ ಹೋದರೆ ಇಳಿಯಬೇಕಾದ ನಿಲ್ದಾಣದ ಹೆಸರು ‘ಸೈನ್ಸ್ ಪಾರ್ಕ್ - ವೆಸ್ಟ್ ಎಂಡ್’. ಸೈನ್ಸ್ ಮ್ಯೂಸಿಯಂ ಎದುರಿಗೇ ಕಾಣುತ್ತದೆ. ಆದರೆ ‘ಈ ವೆಸ್ಟ್ ಎಂಡ್ ಎಲ್ಲಿ?’ ಎಂದು ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸಲು ಹೆಚ್ಚೇನೂ ಇಲ್ಲ. ಎತ್ತರದ ಅಪಾರ್ಟ್‌ಮೆಂಟುಗಳು, ಆಸ್ಪತ್ರೆಯ ಕಟ್ಟಡಗಳು, ಕಾರು ನಿಲ್ಲಿಸುವ ಜಾಗಗಳು. ಆ ಹೆಸರಿನ ಕೇರಿಯನ್ನು 1958ರಿಂದ 1960ರೊಳಗೆ ಕೆಡವಿ ಸಪಾಟು ಮಾಡಿಬಿಟ್ಟರು. ಹೆಸರು ಮಾತ್ರ ನಿಲ್ದಾಣದ ಬೋರ್ಡಿನಲ್ಲಿ ಉಳಿದಿದೆ.

ಅರವತ್ತು ವರ್ಷ ಹಳೆಯ ಈ ಸಂಗತಿಯನ್ನು ಈಗ ಯಾಕೆ ಎತ್ತುತ್ತಿದ್ದೇನೆ ಎಂದರೆ, ಇತ್ತೀಚೆಗೆ ನಮ್ಮ ಕೂಟದ ಯಾವ ಊಟದ ಪಂಕ್ತಿಯಲ್ಲಿ ಕುಳಿತರೂ ಕಿವಿಗೆ ಬೀಳುವುದು ಒಂದೇ ಮಾತು. ಜಯನಗರದ ಮನೆಗೆ ಬಿಲ್ಡರ್ ಬಂದಿದ್ದಾನಂತೆ, ಅರ್ಧಕ್ಕರ್ಧ ಕೊಡುತ್ತಾನಂತೆ. ಮಲ್ಲೇಶ್ವರದ ಹಳೇ ಮನೆ ಕೆಡವಿದರೆ ನಾಲ್ಕು ಫ್ಲಾಟು ಏಳುತ್ತವಂತೆ. ಪವರ್ ಆಫ್ ಅಟಾರ್ನಿಗೆ ನ್ಯೂಯಾರ್ಕಿನ ಕಾನ್ಸುಲೇಟಿಗೇ ಹೋಗಬೇಕೋ, ಅಂಚೆಯಲ್ಲಿ ಆಗುತ್ತದೋ? ಚದರಡಿ ಎಷ್ಟು, ತೆರಿಗೆ ಎಷ್ಟು, ಬಾಡಿಗೆ ಎಷ್ಟು ಬರಬಹುದು ಎಂದು ಪಾಯಸ ಆರುವ ತನಕ ಲೆಕ್ಕ ನಡೆಯುತ್ತದೆ. ನಮ್ಮವರು ಲೆಕ್ಕದಲ್ಲಿ ಗಟ್ಟಿಗರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನೆಯಲ್ಲಿ ಈಗ ವಾಸವಾಗಿರುವ ಎಪ್ಪತ್ತೈದು, ಎಂಬತ್ತು ವರ್ಷದ ಹಿರಿಯರ ಆರೋಗ್ಯದ ಲೆಕ್ಕವನ್ನು ಯಾರೂ ತೆಗೆಯುವುದಿಲ್ಲ. ಆ ಲೆಕ್ಕವನ್ನು ಬಹಳ ಹಿಂದೆ ಒಮ್ಮೆ ಶ್ರದ್ಧೆಯಿಂದ ಮಾಡಿದ್ದಾರೆ, ಅದೂ ನಮ್ಮ ಬಾಸ್ಟನ್ನಿನಲ್ಲೇ. ಆದ್ದರಿಂದಲೇ ಈ ವೆಸ್ಟ್ ಎಂಡ್ ಪುರಾಣ.

ವೆಸ್ಟ್ ಎಂಡ್ ಎಂದರೆ ಇಕ್ಕಟ್ಟಾದ ಬೀದಿಗಳು, ಒಂದಕ್ಕೊಂದು ಆತುಕೊಂಡ ಇಟ್ಟಿಗೆಯ ಮಹಡಿ ಮನೆಗಳು. ಮೊದಲು ಐರಿಷ್ ಜನ ಬಂದರು. ಆಮೇಲೆ ಪೂರ್ವ ಯೂರೋಪಿನ ಯಹೂದಿಗಳು, ಇಟಲಿಯವರು, ಪೋಲೆಂಡಿನವರು ಬಂದು ಸೇರಿದರು. ನಮ್ಮ ಮಕ್ಕಳಿಗೂ ಗೊತ್ತಿರುವ ‘ಸ್ಟಾರ್ ಟ್ರೆಕ್’ನ ಸ್ಪಾಕ್ ಪಾತ್ರಧಾರಿ ಲೆನರ್ಡ್ ನಿಮಾಯ್ ಬೆಳೆದದ್ದು ಇದೇ ಕೇರಿಯಲ್ಲಿ. ಬಡವರ ಕೇರಿ, ನಿಜ. ಮನೆಗಳು ಹಳೆಯವು, ಅದೂ ನಿಜ. ಅಮೆರಿಕ ಸರ್ಕಾರ 1949ರಲ್ಲಿ ಗೃಹನಿರ್ಮಾಣ ಕಾಯಿದೆ ಮಾಡಿ, ಕೊಳೆಗೇರಿ ಎಂದು ಗುರುತಿಸಿದ ಜಾಗವನ್ನು ತೆರವು ಮಾಡಿದರೆ ನಷ್ಟದ ಮೂರರಲ್ಲಿ ಎರಡು ಪಾಲು ತಾನು ಕೊಡುತ್ತೇನೆ ಎಂದಿತು. ಊರೂರಿನ ನಗರಸಭೆಗಳಿಗೆ ಅದು ಅಕ್ಷಯಪಾತ್ರೆಯ ಹಾಗೆ ಕಂಡಿತು. ಬಾಸ್ಟನ್ ನಗರ ವೆಸ್ಟ್ ಎಂಡಿಗೆ ಕೊಳೆಗೇರಿ ಎಂಬ ಮುದ್ರೆ ಒತ್ತಿತು. 1953ರಲ್ಲಿ ಯೋಜನೆ ಪ್ರಕಟವಾಯಿತು. ಇಂದು ಕೆಡವುತ್ತಾರೆ, ನಾಳೆ ಕೆಡವುತ್ತಾರೆ ಎಂಬ ಮಾತಿನಲ್ಲೇ ಐದು ವರ್ಷ ಕಳೆಯಿತು. ಹೇಗಿದ್ದರೂ ಬೀಳುವ ಮನೆ ಎಂದು ಮಾಲೀಕರು ರಿಪೇರಿಯನ್ನು ಬಿಟ್ಟರು. ರಿಪೇರಿ ಇಲ್ಲದ್ದರಿಂದ ಕೇರಿ ನಿಜಕ್ಕೂ ಕೊಳೆಗೇರಿಯ ಹಾಗೇ ಕಾಣತೊಡಗಿತು.

ಕಡೆಗೆ 1958ರ ಏಪ್ರಿಲ್‌ನಲ್ಲಿ ಮನೆ ಖಾಲಿ ಮಾಡುವ ನೋಟೀಸು ಬಂತು. ಸುಮಾರು 48 ಎಕರೆ ಜಾಗ, ಸುಮಾರು 2,700 ಕುಟುಂಬ. ಒಂದು ವಾರ್ಡಿನಷ್ಟು ಜನ ಮೆಡ್‌ಫರ್ಡ್, ಸಾಮರ್‌ವಿಲ್, ಎವರೆಟ್ ಎಂದು ದಿಕ್ಕಾಪಾಲಾದರು. ಅವರ ಜಾಗದಲ್ಲಿ ‘ಚಾರ್ಲ್ಸ್ ರಿವರ್ ಪಾರ್ಕ್’ ಎಂಬ ಭಾರೀ ಬಾಡಿಗೆಯ ಅಪಾರ್ಟ್‌ಮೆಂಟುಗಳು ಎದ್ದವು. ಹಳಬರಲ್ಲಿ ಆ ಬಾಡಿಗೆ ಕೊಡಬಲ್ಲವರು ವಿರಳ. ಸ್ಟಾರೋ ಡ್ರೈವಿನ ಪಕ್ಕದಲ್ಲಿ ಬಹಳ ವರ್ಷ ಒಂದು ಜಾಹೀರಾತು ಫಲಕ ಇತ್ತು: ನೀವು ಇಲ್ಲೇ ವಾಸವಾಗಿದ್ದರೆ ಇಷ್ಟು ಹೊತ್ತಿಗೆ ಮನೆ ಸೇರಿರುತ್ತಿದ್ದಿರಿ ಎಂದು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಅದು ತಮಾಷೆ. ಹಿಂದೆ ಅಲ್ಲೇ ವಾಸವಾಗಿದ್ದವರು ಅದನ್ನು ಹೇಗೆ ಓದಿಕೊಂಡರೋ ನೀವೇ ಊಹಿಸಿ.

ಇನ್ನು ಆರೋಗ್ಯದ ವಿಷಯಕ್ಕೆ ಬರುತ್ತೇನೆ. ವೆಸ್ಟ್ ಎಂಡಿನ ಅಂಚಿನಲ್ಲೇ ಇರುವುದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ. ಅಲ್ಲಿ ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದವರು ಜರ್ಮನಿಯಲ್ಲಿ ಹುಟ್ಟಿದ ಎರಿಕ್ ಲಿಂಡೆಮನ್. ದುಃಖವನ್ನು ವೈದ್ಯರ ಕಣ್ಣಿನಿಂದ ನೋಡಿದವರಲ್ಲಿ ಮೊದಲಿಗರು ಎನ್ನಬಹುದು. 1942ರ ನವೆಂಬರ್ 28ರಂದು ಬಾಸ್ಟನ್ನಿನ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಬದುಕಿ ಉಳಿದವರನ್ನೂ, ಸತ್ತವರ ಬಂಧುಗಳನ್ನೂ ಲಿಂಡೆಮನ್ ಹತ್ತಿರದಿಂದ ಕಂಡು 1944ರಲ್ಲಿ ಒಂದು ಲೇಖನ ಬರೆದರು. ದುಃಖ ಬರೀ ಮನಸ್ಸಿನದಲ್ಲ, ಮೈಯದೂ ಹೌದು ಎಂಬುದು ಅದರ ಸಾರ. ಗಂಟಲು ಬಿಗಿಯುವುದು, ಮೇಲಿಂದ ಮೇಲೆ ನಿಟ್ಟುಸಿರು ಬರುವುದು, ಹೊಟ್ಟೆ ಖಾಲಿ ಖಾಲಿ ಎನ್ನಿಸುವುದು, ಕೈಕಾಲಿನಲ್ಲಿ ಶಕ್ತಿಯೇ ಇಲ್ಲದಂತಾಗುವುದು. ಇವು ಅಲೆ ಅಲೆಯಾಗಿ ಬರುತ್ತವೆ ಎಂದು ಅವರು ಗುರುತಿಸಿದರು.

ಇಂಥವರ ಕಣ್ಣೆದುರಿಗೇ ಒಂದು ಇಡೀ ಕೇರಿ ಎದ್ದು ಹೋಗುವುದರಲ್ಲಿತ್ತು. ಹೋಗುವವರಿಗೆ ಏನಾಗುತ್ತದೆ ಎಂದು ನೋಡೋಣ ಎಂದು ಅವರೂ ಅವರ ಸಂಗಡಿಗರೂ ಅಧ್ಯಯನಕ್ಕೆ ಇಳಿದರು. ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞರು 1957ರ ಅಕ್ಟೋಬರಿನಿಂದ ಮುಂದಿನ ಮೇ ತನಕ ಅದೇ ಕೇರಿಯಲ್ಲಿ ಬಾಡಿಗೆಗಿದ್ದು, 1962ರಲ್ಲಿ ಅಲ್ಲಿನ ಜನಜೀವನದ ಮೇಲೆ ಒಂದು ಪುಸ್ತಕ ಪ್ರಕಟಿಸಿದರು. ಹೊರಗಿನಿಂದ ಕೊಳೆಗೇರಿ ಎನ್ನಿಸಿದ್ದು ಒಳಗಿನಿಂದ ಒಂದು ಹಳ್ಳಿಯೇ ಆಗಿತ್ತು ಎಂಬುದನ್ನು ಅವರು ತೋರಿಸಿದರು. ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೀಡ್ ಎತ್ತಂಗಡಿಯಾದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. 1963ರಲ್ಲಿ ಅವರು ಕೊಟ್ಟ ಲೆಕ್ಕ ಹೀಗಿದೆ: 250 ಹೆಂಗಸರಲ್ಲಿ ಶೇಕಡಾ 26 ಮಂದಿ ಎರಡು ವರ್ಷದ ನಂತರವೂ ದುಃಖದಲ್ಲೇ ಇದ್ದರು. ಇನ್ನೂ ಶೇಕಡಾ 20 ಮಂದಿ ಆರು ತಿಂಗಳಿಂದ ಎರಡು ವರ್ಷದ ತನಕ ಕೊರಗಿದ್ದರು. ಎರಡೂ ಸೇರಿ ಶೇಕಡಾ 46. ಗಂಡಸರಲ್ಲಿ ಇದು ಶೇಕಡಾ 38. ಯಾರೂ ಸತ್ತಿರಲಿಲ್ಲ, ಯಾರ ಮನೆಯಲ್ಲೂ ಸೂತಕ ಇರಲಿಲ್ಲ. ಆದರೂ ಹತ್ತಿರದವರು ತೀರಿಕೊಂಡಾಗ ಆಗುವ ದುಃಖಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಫ್ರೀಡ್‌ಗೆ ಕಾಣಲಿಲ್ಲ. ಕೇರಿಯನ್ನು ಯಾರು ಹೆಚ್ಚು ಹಚ್ಚಿಕೊಂಡಿದ್ದರೋ, ಯಾರಿಗೆ ಅಲ್ಲಿ ಹೆಚ್ಚು ನಂಟು ಇತ್ತೋ, ಅವರಿಗೇ ಪೆಟ್ಟು ಹೆಚ್ಚು.

ಪಕ್ಕದ ನಾರ್ತ್ ಎಂಡ್ ಈ ಪಾಡಿನಿಂದ ತಪ್ಪಿಸಿಕೊಂಡಿತು. ಹ್ಯಾನೋವರ್ ಬೀದಿಯಲ್ಲಿ ಕನೋಲಿ ತಿನ್ನಲು ಸಾಲು ನಿಂತ ನಮಗೆಲ್ಲ ಅದು ಪರಿಚಿತ. ಅದೂ ಇಕ್ಕಟ್ಟು, ಅದೂ ಹಳೆಯದು, ಅದನ್ನೂ ಕೊಳೆಗೇರಿ ಎಂದೇ ಕರೆಯುತ್ತಿದ್ದರು. ಆದರೆ ಜೇನ್ ಜೇಕಬ್ಸ್ 1961ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಬರೆದಂತೆ, ಕಾಯಿಲೆ ಮತ್ತು ಶಿಶುಮರಣದ ಪ್ರಮಾಣ ಇಡೀ ಬಾಸ್ಟನ್ನಿನಲ್ಲೇ ಅತ್ಯಂತ ಕಡಿಮೆ ಇದ್ದ ಕೇರಿಗಳಲ್ಲಿ ನಾರ್ತ್ ಎಂಡ್ ಕೂಡ ಒಂದು. ಗೋಡೆಯ ಬಣ್ಣ ನೋಡಿ ಒಳಗಿರುವವರ ಆರೋಗ್ಯ ಹೇಳಲಾಗುವುದಿಲ್ಲ ಎಂದಾಯಿತು.

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ಇಟಲಿಯವರ ಕೇರಿಯಲ್ಲ, ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರ. ಅಲ್ಲಿ ನನ್ನ ದೊಡ್ಡಮ್ಮ ನಲವತ್ತೊಂದು ವರ್ಷ ಬಾಡಿಗೆಗೆ ಇದ್ದರು. ನಡುವೆ ಅಂಗಳ, ಸುತ್ತ ಎಂಟು ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ, ಎರಡು ಕಕ್ಕಸು. ಮಳೆ ಬಂದರೆ ಅಡುಗೆಮನೆಯಲ್ಲಿ ಮೂರು ಪಾತ್ರೆ ಇಡಬೇಕು. ಇದನ್ನು ಸ್ವರ್ಗ ಎಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ಕಕ್ಕಸಿನ ಮುಂದೆ ಚೊಂಬು ಹಿಡಿದು ನಿಂತವರು ಯಾರೂ ಹಾಗೆ ಹೇಳಲಾರರು. 2011ರಲ್ಲಿ ವಠಾರದ ಮಾಲೀಕರು ಕಾಲವಾಗಿ, ಮಕ್ಕಳು ಜಾಗವನ್ನು ಅಪಾರ್ಟ್‌ಮೆಂಟಿಗೆ ಕೊಟ್ಟರು. ಬಾಡಿಗೆದಾರರಿಗೆ ಒಂದಿಷ್ಟು ಹಣವನ್ನೂ ಕೊಟ್ಟರು. ಯಾರನ್ನೂ ದೂರುವ ಹಾಗಿಲ್ಲ. ದೊಡ್ಡಮ್ಮ ಸರ್ಜಾಪುರ ರಸ್ತೆಯ ಆಚೆ ಮಗನ ಫ್ಲಾಟಿಗೆ ಹೋದರು. ಒಂಬತ್ತನೇ ಮಹಡಿ. ಲಿಫ್ಟು, ದಿನವಿಡೀ ನೀರು, ಕೋಣೆಗೆ ಅಂಟಿಕೊಂಡೇ ಬಚ್ಚಲು. ಸೊಸೆ ಚಿನ್ನದಂಥವಳು. ನೋಡಿದವರೆಲ್ಲ ‘ಪುಣ್ಯ ಮಾಡಿದ್ದೀರಿ’ ಎಂದರು. ದೊಡ್ಡಮ್ಮನೂ ‘ಹೌದು’ ಎಂದರು.

ಒಂದು ವರ್ಷದಲ್ಲಿ ಅವರು ಏಳು ಕಿಲೋ ಇಳಿದರು. ರಕ್ತದೊತ್ತಡದ ಮಾತ್ರೆ ಒಂದಿದ್ದದ್ದು ಎರಡಾಯಿತು. ಹತೋಟಿಯಲ್ಲಿದ್ದ ಸಕ್ಕರೆ ಏರಿಳಿಯತೊಡಗಿತು. ರಾತ್ರಿ ಎರಡಕ್ಕೇ ಎಚ್ಚರ. ಫೋನಿನಲ್ಲಿ ಕೇಳಿದರೆ ‘ಎದೇಲಿ ಕಲ್ಲಿಟ್ಟ ಹಾಗಿದೆ ಕಣೋ. ಹೊಟ್ಟೆ ಖಾಲಿ ಖಾಲಿ ಅನ್ನಿಸತ್ತೆ, ಆದ್ರೆ ಹಸಿವಿಲ್ಲ’ ಎನ್ನುತ್ತಿದ್ದರು. ಇ.ಸಿ.ಜಿ., ಎಕೋ, ಎಂಡೋಸ್ಕೋಪಿ ಎಲ್ಲ ಆಯಿತು, ಏನೂ ಸಿಗಲಿಲ್ಲ. ವಯಸ್ಸಾಯಿತಲ್ಲ ಎಂದು ಡಾಕ್ಟರು ವಿಟಮಿನ್ ಬರೆದುಕೊಟ್ಟರು. ಲಿಂಡೆಮನ್ನರ ಪಟ್ಟಿಯನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಓದಿದಾಗ ದೊಡ್ಡಮ್ಮನ ಮಾತನ್ನೇ ಯಾರೋ ಇಂಗ್ಲಿಷಿಗೆ ತಿರುಗಿಸಿದ್ದಾರೆ ಎನ್ನಿಸಿತು.

ಆ ವಠಾರ ಅವರಿಗೆ ಏನು ಮಾಡುತ್ತಿತ್ತು ಎಂದು ಕೂತು ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಬೆಳಿಗ್ಗೆ ಐದಕ್ಕೆ ನಲ್ಲಿಯ ಹತ್ತಿರ ದೊಡ್ಡಮ್ಮನ ಕೊಡ ಕಾಣದಿದ್ದರೆ ಐದೂವರೆಗೆ ಎದುರುಮನೆಯವರು ಬಾಗಿಲು ಬಡಿಯುತ್ತಿದ್ದರು. ಒಮ್ಮೆ ಸಕ್ಕರೆ ತೀರಾ ಇಳಿದು ದೊಡ್ಡಮ್ಮ ಅಡುಗೆಮನೆಯಲ್ಲಿ ಕುಸಿದಾಗ ಹೀಗೇ ಬಾಗಿಲು ಬಡಿದು, ಬೆಲ್ಲದ ನೀರು ಕುಡಿಸಿ ಉಳಿಸಿದ್ದರು. ಹಾಲು, ಹೂವು, ತರಕಾರಿ, ಸಂಜೆ ರಾಮಮಂದಿರ, ಶ್ರೀರಾಮನವಮಿ ಬಂದರೆ ಕೋಟೆ ಹೈಸ್ಕೂಲು ಮೈದಾನದ ಸಂಗೀತ. ದಿನಕ್ಕೆ ಎರಡು ಮೈಲಿ ನಡೆಯುತ್ತಿದ್ದರು, ಅದಕ್ಕೆ ವ್ಯಾಯಾಮ ಎಂಬ ಹೆಸರಿದೆ ಎಂದು ಗೊತ್ತೇ ಇರಲಿಲ್ಲ. ಔಷಧದ ಅಂಗಡಿಯವನು ‘ಏನಮ್ಮಾ, ಈ ತಿಂಗಳು ಮಾತ್ರೆಗೆ ಬರಲೇ ಇಲ್ಲ?’ ಎಂದು ಕೇಳುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ದೊಡ್ಡಮ್ಮನಿಗೆ ಕೆಲಸ ಇತ್ತು. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಲೇಹ್ಯ ಕಾಸುವುದು ಅವರೇ, ನಲ್ಲಿ ಜಗಳಕ್ಕೆ ಪಂಚಾಯಿತಿ ಮಾಡುವುದೂ ಅವರೇ. ಹೊಸ ಫ್ಲಾಟಿನಲ್ಲಿ ಅವರನ್ನು ಎಲ್ಲರೂ ನೋಡಿಕೊಳ್ಳುತ್ತಿದ್ದರು, ಅವರು ನೋಡಿಕೊಳ್ಳುವುದಕ್ಕೆ ಯಾರೂ ಇರಲಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ಕಾಯಿಲೆಯನ್ನು ಬೇಗ ಗಮನಿಸುವ ನಾಲ್ಕು ಕಣ್ಣು, ಕಾಲಿಗೆ ನಡಿಗೆ, ಹೊತ್ತಿಗೆ ಸರಿಯಾಗಿ ಊಟ ನಿದ್ದೆ ತರುವ ದಿನಚರಿ, ‘ನಾನು ಬೇಕಾದವಳು’ ಎಂಬ ಭಾವನೆ. ಯಾವ ಮೆಡಿಕಲ್ ಸ್ಟೋರಿನಲ್ಲೂ ಇವು ಸಿಗುವುದಿಲ್ಲ. ಮನೆಯ ಜೊತೆಗೆ ಉಚಿತವಾಗಿ ಬಂದಿರುತ್ತವೆ, ಉಚಿತವಾದ್ದರಿಂದ ಯಾರ ಕ್ರಯಪತ್ರದಲ್ಲೂ ಇರುವುದಿಲ್ಲ. ಮನೆ ಹೋದಾಗ ಇವೆಲ್ಲ ಒಂದೇ ದಿನ ಒಟ್ಟಿಗೇ ಹೋಗುತ್ತವೆ. ಕಣ್ಣು ಮಂಜಾದವರಿಗೆ ಹಳೇ ಮನೆಯ ಹೊಸಿಲು ಕಾಲಿಗೇ ಗೊತ್ತಿರುತ್ತದೆ. ಹೊಸ ಮನೆಯಲ್ಲಿ ರಾತ್ರಿ ಎದ್ದರೆ ಸ್ವಿಚ್ಚು ಎಲ್ಲಿ, ಬಚ್ಚಲು ಎಲ್ಲಿ? ದೊಡ್ಡಮ್ಮ ಬಿದ್ದದ್ದೂ ಹೀಗೆಯೇ. ದೇವರ ದಯೆ, ಮೂಳೆ ಮುರಿಯಲಿಲ್ಲ.

ನ್ಯೂಯಾರ್ಕಿನ ಮನೋವೈದ್ಯೆ ಮಿಂಡಿ ಫುಲಿಲವ್ ಇದಕ್ಕೆ ತೋಟಗಾರರ ಮಾತೊಂದನ್ನು ಎರವಲು ಪಡೆದಿದ್ದಾರೆ. ಗಿಡವನ್ನು ಒರಟಾಗಿ ಕಿತ್ತು ಬೇರೆ ಕಡೆ ನೆಟ್ಟಾಗ ಅದು ಸೊರಗುತ್ತದಲ್ಲ, ಆ ಬೇರಿನ ಆಘಾತವನ್ನೇ 2004ರ ತಮ್ಮ ಪುಸ್ತಕಕ್ಕೆ ಹೆಸರಾಗಿ ಇಟ್ಟರು. ಅವರು ನೋಡಿದ ಊರುಗಳಲ್ಲಿ ಪಿಟ್ಸ್‌ಬರ್ಗ್ ಒಂದು. ಅಲ್ಲಿನ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಕೇರಿಯ ಕೆಳಭಾಗದಲ್ಲಿ 1956ರಿಂದ ಕೆಡವುವ ಕೆಲಸ ನಡೆದು ಸುಮಾರು 8,000 ಜನ ಎದ್ದು ಹೋದರು. ಅಲ್ಲಿ 1961ರಲ್ಲಿ ತೆರೆದ ದೊಡ್ಡ ಕ್ರೀಡಾಂಗಣವನ್ನೂ ಐವತ್ತು ವರ್ಷ ಕಳೆಯುತ್ತಿದ್ದಂತೆ ಕೆಡವಿದರು. ಕ್ರೀಡಾಂಗಣ ಬಂದಿತು, ಹೋಯಿತು. ಎದ್ದು ಹೋದ ಜನ ಮಾತ್ರ ತಿರುಗಿ ಬರಲಿಲ್ಲ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೇ ಎಂದು ನೀವು ಕೇಳಬಹುದು. ಹಾಗಲ್ಲ. ಕೆಟ್ಟ ಮನೆಯೂ ಜೀವ ತೆಗೆಯುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಲ್ಲಿ ಜನ ತತ್ತರಿಸಿದರು. ಅಗಲವಾದ ರಸ್ತೆ, ಗಾಳಿ ಬೆಳಕು ಬೇಕು ಎಂದು ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ದಿನಗಳಲ್ಲೇ. ಇಂದು ನಾವು ‘ಹಳೇ ಬೆಂಗಳೂರು’ ಎಂದು ಹಂಬಲಿಸುವ ಬಡಾವಣೆಗಳು ಒಂದು ಕಾಲಕ್ಕೆ ಆರೋಗ್ಯ ಹುಡುಕಿಕೊಂಡು ಬಂದವರ ಹೊಸ ಬಡಾವಣೆಗಳೇ. ಆದರೆ ಹೊಸದೆಲ್ಲ ಆರೋಗ್ಯಕರ ಎಂಬ ಭರವಸೆಯೂ ಇಲ್ಲ. ಮುಂಬಯಿಯ ಗೋವಂಡಿ, ಮಾನ್‌ಖುರ್ದ್ ಕಡೆ ಕೊಳೆಗೇರಿಯವರಿಗೆಂದೇ ಕಟ್ಟಿದ ಕೆಲವು ಬಹುಮಹಡಿಗಳ ನಡುವೆ ಇರುವ ಅಂತರ ಬರೀ ಮೂರು ಮೀಟರ್. ಕೆಳಗಿನ ಮಹಡಿಗಳಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಅಲ್ಲಿ ಕ್ಷಯರೋಗ ಹೆಚ್ಚಾಗಿರುವುದನ್ನು 2018ರಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ತಗಡಿನ ಗುಡಿಸಲಿನಿಂದ ಸಿಮೆಂಟಿನ ಮನೆಗೆ ಹೋಗಿ ಕ್ಷಯ ಹತ್ತಿಸಿಕೊಳ್ಳುವುದು ಎಂಥ ವಿಪರ್ಯಾಸ!

ಅಹಮದಾಬಾದಿನದು ಇನ್ನೊಂದು ಬಗೆ. ಅಲ್ಲಿ ಕೆಲವು ಬಡ ಹೆಂಗಸರಿಗೆ ಊರ ಹೊರವಲಯದಲ್ಲಿ ಒಳ್ಳೆಯ ಮನೆಗಳನ್ನು ಲಾಟರಿ ಎತ್ತಿ ಕೊಟ್ಟರು. ಹದಿನಾಲ್ಕು ವರ್ಷದ ನಂತರ ಅರ್ಥಶಾಸ್ತ್ರಜ್ಞರು ಹೋಗಿ ವಿಚಾರಿಸಿ, 2017ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಲಾಟರಿ ಗೆದ್ದವರಲ್ಲಿ ಶೇಕಡಾ 34 ಮಂದಿ ಆ ಮನೆಗೆ ಹೋಗಲೇ ಇಲ್ಲ. ಶೇಕಡಾ 32 ಮಂದಿ ಹೋಗಿ, ಆಮೇಲೆ ಬಿಟ್ಟುಬಂದರು. ಮನೆ ಚೆನ್ನಾಗಿತ್ತು. ಆದರೆ ಕಷ್ಟಕಾಲಕ್ಕೆ ಕೈಸಾಲ ಕೊಡುವವರು, ಮಗು ನೋಡಿಕೊಳ್ಳುವವರು, ನೆಂಟರಿಷ್ಟರು ಎಲ್ಲ ಹಳೇ ಕೇರಿಯಲ್ಲೇ ಉಳಿದಿದ್ದರು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ತಂದೆತಾಯಿಯರ ಕೈಯಲ್ಲಿ ಮನೆಯ ಪತ್ರ ಇದೆ. ಬೇಡ ಎಂದರೆ ಬಿಲ್ಡರ್ ವಾಪಸು ಹೋಗುತ್ತಾನೆ. ಪತ್ರ ಇಲ್ಲದವರ ಪಾಡು ಬೇರೆ. ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ್ದ ಕ್ವಾರ್ಟರ್ಸು ಶಿಥಿಲವಾಗಿ ಕುಸಿಯಿತು. ಅಲ್ಲಿದ್ದವರು ಅದೇ ಜಾಗದಲ್ಲಿ ಶೆಡ್ಡು ಹಾಕಿಕೊಂಡು ಬದುಕುತ್ತಿದ್ದರು. 2013ರ ಜನವರಿಯಲ್ಲಿ ಪೊಲೀಸರನ್ನು ನಿಲ್ಲಿಸಿಕೊಂಡು ಆ ಶೆಡ್ಡುಗಳನ್ನು ನೆಲಸಮ ಮಾಡಿದರು. ಸಾವಿರಕ್ಕೂ ಹೆಚ್ಚು ಕುಟುಂಬಗಳು, ಮಾಗಿಯ ಚಳಿಯಲ್ಲಿ, ಮಕ್ಕಳು ಮರಿ ಸಮೇತ ಬೀದಿಗೆ ಬಂದವು. ಪಾತ್ರೆ ತೊಳೆಯುವ, ಮನೆ ಒರೆಸುವ ಹೆಂಗಸರಿಗೆ ಮನೆಯ ಜೊತೆ ಹತ್ತಿರದ ಕೆಲಸವೂ ಹೋಯಿತು. ದೊಡ್ಡಮ್ಮನಿಗೆ ಹೋದ ಕಡೆ ಕಾಯುತ್ತಿದ್ದ ಸೊಸೆ ಇದ್ದಳು. ಇವರಿಗೆ ಯಾರಿದ್ದರು?

ಒಕ್ಕಲೆಬ್ಬಿಸದೆ ಕೇರಿಯನ್ನು ಹೊಸದು ಮಾಡಲು ಸಾಧ್ಯವೇ ಇಲ್ಲ ಎಂದೇನಿಲ್ಲ. ಅದಕ್ಕೂ ಉದಾಹರಣೆ ಬಾಸ್ಟನ್ನಿನಲ್ಲೇ ಇದೆ. ಸೌತ್ ಎಂಡಿನಲ್ಲಿ ಪೋರ್ಟೋ ರಿಕೋದ ಜನ ಇದ್ದ ಒಂದು ಭಾಗವನ್ನು ಕೆಡವುವ ಯೋಜನೆ ಬಂದಾಗ, 1968ರಲ್ಲಿ ಅವರು ಒಟ್ಟಾಗಿ ನಾವು ಇಲ್ಲಿಂದ ಕದಲುವುದಿಲ್ಲ ಎಂದು ಹಟ ಹಿಡಿದರು. ವೆಸ್ಟ್ ಎಂಡಿಗೆ ಆದದ್ದು ಅವರ ಕಣ್ಣ ಮುಂದೆಯೇ ಇತ್ತು. ಬರೀ ಬೇಡ ಎನ್ನಲಿಲ್ಲ. ಹೊಸ ಮನೆ ಹೇಗಿರಬೇಕು ಎಂದು ವಾಸ್ತುಶಿಲ್ಪಿಯ ಜೊತೆ ತಾವೇ ಕುಳಿತು ನಕ್ಷೆ ಮಾಡಿಸಿದರು. ನಡುವೆ ತಮ್ಮ ಊರಿನ ಹಾಗೇ ಒಂದು ಚೌಕ ಬೇಕು, ಸಂಜೆ ಕೂರಲು ಜಾಗ ಬೇಕು ಎಂದರು. ಹಾಗೆ ಎದ್ದದ್ದು ವಿಲಾ ವಿಕ್ಟೋರಿಯಾ. ಈಗಲೂ ಇದೆ. ಮುಂದಿನ ಸಲ ನೆಂಟರು ಬಂದಾಗ ಅದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಈಗ ನಮ್ಮ ಊಟದ ಪಂಕ್ತಿಗೆ ಬರೋಣ. ಮನೆ ಕೊಡಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಮೆಟ್ಟಿಲು ಹತ್ತಲಾಗದ, ಸೂರು ಸೋರುವ ಮನೆಯಲ್ಲಿ ಹಿರಿಯರು ಒದ್ದಾಡಲಿ ಎಂದೂ ಹೇಳುವುದಿಲ್ಲ. ಸಹಿ ಹಾಕುವ ಮುಂಚೆ ನಾಲ್ಕು ವಿಷಯ ಗಮನಿಸಿ ಎಂದಷ್ಟೇ ನನ್ನ ಕೋರಿಕೆ.

ಮೊದಲನೆಯದು, ಅವರ ಒಂದು ದಿನದ ನಕ್ಷೆ. ಬೆಳಿಗ್ಗೆಯಿಂದ ರಾತ್ರಿಯ ತನಕ ಯಾರ ಜೊತೆ ಮಾತಾಡುತ್ತಾರೆ, ಎಲ್ಲಿಗೆ ನಡೆಯುತ್ತಾರೆ, ಮನೆಯ ಬೀಗದ ಕೈ ಇನ್ನೊಂದು ಯಾರ ಹತ್ತಿರ ಇದೆ, ರಾತ್ರಿ ಹನ್ನೆರಡಕ್ಕೆ ಎದೆ ನೋವು ಬಂದರೆ ಯಾರನ್ನು ಕೂಗುತ್ತಾರೆ? ಫೋನಿನಲ್ಲಿ ಕೇಳಿ ಬರೆದುಕೊಳ್ಳಿ. ಒಂದು ಹಾಳೆ ಸಾಕು. ಹೊಸ ಏರ್ಪಾಡಿನಲ್ಲಿ ಇವುಗಳಲ್ಲಿ ಎಷ್ಟು ಉಳಿಯುತ್ತವೆ ಎಂದು ಪಕ್ಕದಲ್ಲಿ ಗುರುತು ಹಾಕಿ.

ಎರಡನೆಯದು, ಕಟ್ಟಡ ಏಳುವ ತನಕದ ಮನೆ. ಎರಡು ವರ್ಷ ಎಂದವರು ನಾಲ್ಕು ಮಾಡುವುದು ವಾಡಿಕೆ. ಎಂಬತ್ತು ವರ್ಷದವರಿಗೆ ನಾಲ್ಕು ವರ್ಷ ಎಂದರೆ ತಾತ್ಕಾಲಿಕ ಅಲ್ಲ. ಬಾಡಿಗೆ ಹೆಚ್ಚಾದರೂ ಚಿಂತೆಯಿಲ್ಲ, ಅದೇ ಬೀದಿಯಲ್ಲಿ ಅಥವಾ ಪಕ್ಕದ ಕ್ರಾಸಿನಲ್ಲಿ ಮನೆ ನೋಡಿ. ಆ ಬಾಡಿಗೆಯನ್ನು ಬಿಲ್ಡರ್ ಕೊಡಬೇಕು ಎಂದು ಕರಾರಿನಲ್ಲೇ ಬರೆಸಿ. ‘ಅಷ್ಟು ದಿನ ನಮ್ಮ ಹತ್ತಿರ ಇಲ್ಲಿಗೇ ಬರಲಿ’ ಎನ್ನುವವರಿದ್ದೀರಿ. ಪ್ರೀತಿಯ ಮಾತೇ. ಆದರೆ ಜನವರಿಯ ಹಿಮದಲ್ಲಿ, ನಾವೆಲ್ಲ ಕೆಲಸಕ್ಕೆ ಹೋದ ಮೇಲೆ, ಶ್ರೂಸ್‌ಬರಿಯ ಮನೆಯಲ್ಲಿ ಅವರು ಯಾರನ್ನು ಮಾತಾಡಿಸಬೇಕು?

ಮೂರನೆಯದು, ಹೊಸ ಕಟ್ಟಡದಲ್ಲಿ ಅವರ ಜಾಗ. ಗಾಳಿ ಚೆನ್ನಾಗಿರುತ್ತದೆ ಎಂದು ಮೇಲಿನ ಮಹಡಿ ಆರಿಸುತ್ತೇವೆ. ಅವರಿಗೆ ಬೇಕಾದದ್ದು ಬೀದಿ ಕಾಣುವ ಕೆಳಗಿನ ಮನೆ, ಹೂವಿನವಳ ಕೂಗು ಕೇಳುವ ಮಹಡಿ. ಗೇಟಿನ ಹತ್ತಿರ ಒಂದು ಜಗಲಿ ಬಿಡಿಸಿ. ಒಂದು ಕಾರು ನಿಲ್ಲುವಷ್ಟು ಜಾಗ ಹೋಗಬಹುದು, ಹೋಗಲಿ. ಸಾಧ್ಯವಾದರೆ ನೆರೆಮನೆಯವರನ್ನೂ ಒಪ್ಪಿಸಿ ಎರಡು ಸೈಟು ಸೇರಿಸಿ ಕಟ್ಟಿಸಿ. ಆಗ ನೆರೆಯೂ ಜೊತೆಯಲ್ಲೇ ಬರುತ್ತದೆ.

ನಾಲ್ಕನೆಯದು, ಹೋದ ಮೇಲಿನ ಎರಡು ವರ್ಷ. ‘ಹೊಂದಿಕೊಳ್ಳುತ್ತಾರೆ ಬಿಡು’ ಎಂದು ಸುಮ್ಮನಾಗಬೇಡಿ. ನಿದ್ದೆ, ಹಸಿವು, ತೂಕ, ಬಿದ್ದದ್ದು ಎದ್ದದ್ದು ಎಲ್ಲವನ್ನೂ ವಿಚಾರಿಸುತ್ತಿರಿ. ಡಾಕ್ಟರಿಗೆ ರೋಗದ ಲಕ್ಷಣದ ಜೊತೆ ಮನೆ ಬದಲಾದ ವಿಷಯವನ್ನೂ ಹೇಳಿ. ಹೇಳದಿದ್ದರೆ ಅವರು ಕೇಳುವುದಿಲ್ಲ.

ದೊಡ್ಡಮ್ಮನ ವಿಷಯದಲ್ಲಿ ದಾರಿ ಕಂಡುಕೊಂಡದ್ದು ಅವರ ಸೊಸೆ. ಪ್ರತಿ ಶನಿವಾರ ಅತ್ತೆಯನ್ನು ಚಾಮರಾಜಪೇಟೆಗೆ ಕರೆದುಕೊಂಡು ಹೋಗಿ, ಹಳೇ ಎದುರುಮನೆಯವರು ಈಗಿರುವ ಎರಡು ಕೋಣೆಯ ಮನೆಯಲ್ಲಿ ಬಿಟ್ಟು, ಸಂಜೆ ವಾಪಸು ಕರೆತರಲು ಶುರುಮಾಡಿದಳು. ಆ ಎದುರುಮನೆಯವರು ದಿನಾ ಬೆಳಿಗ್ಗೆ ಐದೂವರೆಗೆ ಒಂದು ಫೋನು ಮಾಡುವ ಪದ್ಧತಿಯನ್ನೂ ಇಟ್ಟುಕೊಂಡರು. ಬಾಗಿಲು ಬಡಿಯುತ್ತಿದ್ದವರು ಈಗ ಫೋನು ಬಡಿಯುತ್ತಾರೆ ಎಂದು ದೊಡ್ಡಮ್ಮ ನಗುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಬಾಣಂತಿಗೆ ಲೇಹ್ಯ ಮಾಡಿಕೊಟ್ಟ ಮೇಲೆ ಅಲ್ಲೂ ನಾಲ್ಕು ಜನ ಹುಡುಕಿಕೊಂಡು ಬರತೊಡಗಿದರು. ನಿದ್ದೆ ಮರಳಿತು, ತೂಕ ಅರ್ಧ ಮರಳಿತು. ಮಾತ್ರೆ ಎರಡಾದದ್ದು ಎರಡೇ ಉಳಿಯಿತು. ಒಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಅವರು ಚೇತರಿಸಿಕೊಳ್ಳಲು ಹಿಡಿದ ಕಾಲ ಹೆಚ್ಚು ಕಡಿಮೆ ಎರಡು ವರ್ಷವೇ.

ವೆಸ್ಟ್ ಎಂಡಿನವರೂ ಕೈಕಟ್ಟಿ ಕೂರಲಿಲ್ಲ. ಚದುರಿಹೋಗಿ ಇಪ್ಪತ್ತೇಳು ವರ್ಷವಾದ ಮೇಲೆ, 1985ರಲ್ಲಿ, ‘ದಿ ವೆಸ್ಟ್ ಎಂಡರ್’ ಎಂಬ ಒಂದು ಪತ್ರಿಕೆ ಶುರುಮಾಡಿದರು. ಇಲ್ಲದ ಕೇರಿಗೆ ಒಂದು ಪತ್ರಿಕೆ! ಆಮೇಲೆ ತಮ್ಮದೇ ಒಂದು ಪುಟ್ಟ ಮ್ಯೂಸಿಯಮ್ಮನ್ನೂ ಕಟ್ಟಿದರು, ನಾರ್ತ್ ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿದೆ. 2015ರಲ್ಲಿ ನಗರದ ಪುನರಭಿವೃದ್ಧಿ ಸಂಸ್ಥೆಯ ಮುಖ್ಯಸ್ಥರು ವೆಸ್ಟ್ ಎಂಡನ್ನು ಕೆಡವಿದ್ದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಕೇಳಿಸಿಕೊಳ್ಳಲು ಬದುಕಿದ್ದವರು ಸ್ವಲ್ಪವೇ ಜನ.

ನಾವು ಊರು ಬಿಟ್ಟದ್ದು ನಮ್ಮ ಇಷ್ಟದಿಂದ, ವೀಸಾ ಸಿಕ್ಕಿತೆಂದು ಸಿಹಿ ಹಂಚಿ. ಆದರೂ ಇಲ್ಲಿಗೆ ಬಂದ ಕೂಡಲೇ ಮಾಡಿದ ಮೊದಲ ಕೆಲಸ ಒಂದು ಕೂಟ ಕಟ್ಟಿ, ಒಂದು ಪತ್ರಿಕೆ ಹೊರಡಿಸಿದ್ದು. ಇಷ್ಟಪಟ್ಟು ಹೊರಟವರಿಗೇ ಇದು ಬೇಕಾಯಿತು ಎಂದ ಮೇಲೆ, ನಮ್ಮ ಸಹಿಯ ಮೇಲೆ ಎಂಬತ್ತನೇ ವಯಸ್ಸಿನಲ್ಲಿ ಮನೆ ಬಿಡುವವರಿಗೆ ಏನು ಬೇಕಾಗಬಹುದು ಎಂದು ನಾವೇ ಯೋಚಿಸಬೇಕು. ನಿಮ್ಮ ಮನೆಯಲ್ಲೂ ಇಂಥ ಅನುಭವ ಆಗಿದ್ದರೆ, ಒಳ್ಳೆಯದಾಗಲಿ ಕೆಟ್ಟದಾಗಲಿ, ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕಳಿಸಿ. ಬಿಲ್ಡರ್ ತಂದುಕೊಡುವ ಕಾಗದಗಳ ಜೊತೆಯಲ್ಲಿ ಅದನ್ನೂ ಇಟ್ಟುಕೊಂಡು ಓದುವವರು ನಮ್ಮಲ್ಲೇ ಇದ್ದಾರೆ.